ದೊಡ್ಡ ಅಕ್ಷರದ ಹೆಸರು

ಮಮದಾಪುರ
೧೨ ನವೆಂಬರ್ ೨೦೨೪

ಬಾಳೇಶ,

ನಿನ್ನ ವೈನಿಯ ಶರಣಾರ್ಥಿ. ಫೋನ್ ಹತ್ತುವ ಜಾಗಕ್ಕೆ ನಿನ್ನನ್ನು ಯಾವಾಗ ಇಳಿಸುತ್ತಾರೋ ಗೊತ್ತಿಲ್ಲ. ಅದಕ್ಕೇ ಹಳೇ ಕಾಲದವರ ಹಾಗೆ ಪೆನ್ನು ಹಿಡಿದು ಕುಳಿತಿದ್ದೇನೆ, ನಗಬೇಡ.

ಸುದ್ದಿ ದೊಡ್ಡದು. ಘಟಪ್ರಭಾದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಸೈನಿಕರ ಸ್ಮಾರಕ ಏಳುತ್ತಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಂದ ಸೈನ್ಯಕ್ಕೆ ಹೋಗಿ ಗಡಿಯಲ್ಲೇ ಉಳಿದುಬಿಟ್ಟ ಐವರ ಹೆಸರನ್ನು ಕರಿಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ಅದರಲ್ಲಿ ನಿಮ್ಮಣ್ಣನ ಹೆಸರೂ ಇದೆ. ಯಮಕನಮರಡಿಯ ಅಲ್ಲವ್ವಕ್ಕನ ಗಂಡ ಸತ್ತೆಪ್ಪನವರ ಹೆಸರೂ ಇದೆ. ನಿಮ್ಮಣ್ಣ ಗುಂಡು ತಾಗಿ ಬಿದ್ದು ಆರು ವರ್ಷವಾಯಿತು. ಮೆರವಣಿಗೆಯ ದಿನ ಮಣ್ಣು ಕೊಟ್ಟು ಹೋದ ಊರು ಮತ್ತೆ ಅವರ ಹೆಸರು ಎತ್ತಿದ್ದು ಈಗಲೇ. ನನಗೆ ಎಷ್ಟು ಖುಷಿಯಾಯಿತೆಂದರೆ ಕೆಲಸದ ಹೊತ್ತಿನಲ್ಲಿ ಔಷಧ ಅಂಗಡಿಯಲ್ಲಿ ಯಾರಿಗೋ ಕೊಡುವ ಗುಳಿಗೆ ಯಾರಿಗೋ ಕೊಡುವವಳಿದ್ದೆ.

ಸ್ಮಾರಕ ಸಮಿತಿಯ ಅಧ್ಯಕ್ಷರು ಸಿಮೆಂಟ್ ಅಂಗಡಿಯ ಶೆಟ್ಟೆಪ್ಪ ಸಾವಕಾರರು. ನಿನ್ನೆ ಮನೆಗೇ ಬಂದಿದ್ದರು. ಚಹಾ ಕುಡಿದು, "ಜನವರಿ ಇಪ್ಪತ್ತಾರಕ್ಕ ಉದ್ಘಾಟನಿ. ದೀಪಾ ಹಚ್ಚಾವ್ರು ಮನೀ ಮಂದೀನ" ಅಂದರು. ನಾನು ಅಲ್ಲೇ ಅಂದೆ, "ನಾ ಹಚ್ಚತೇನ್ರಿ ಕಾಕಾ." ಅವರು "ಆಗ್ಲೇಳು ತಂಗಿ" ಅಂದರು.

ಮಾವನವರಿಗೆ ಬೇರೆಯೇ ಚಿಂತೆ. "ನಮ್ಮ ಶಿವವ್ವಗ ಒಂದಕ್ಷರ ಬರಂಗಿಲ್ಲ. ಮಗನ ಹೆಸರ ಯಾವ್ದಂತ ಅಕಿ ಹೆಂಗ ಗುರ್ತ ಹಿಡೀಬೇಕ್ರಿ?" ಅಂತ ಕೇಳಿದರು. ಸಾವಕಾರರು ಅತ್ತೆಯ ಕಡೆ ತಿರುಗಿ, "ದೊಡ್ಡ ಅಕ್ಷರದಾಗ ಬರಸ್ತೇವು ಯವ್ವಾ, ಬಸ್ಸಿನ್ಯಾಗ ಕುಂತವ್ರಿಗೂ ಕಾಣಬೇಕು" ಅಂದರು. ಅತ್ತೆ ಚಹಾದ ಕಪ್ಪು ಬಸಿ ತೆಗೆದುಕೊಂಡು ಒಳಗೆ ಹೋದರು.

ರಜೆ ಹಾಕು. ಅಣ್ಣನ ಹೆಸರಿನ ಮುಂದೆ ನೀನು ಸಮವಸ್ತ್ರದಲ್ಲಿ ನಿಂತು ಸೆಲ್ಯೂಟ್ ಹೊಡೆಯುವುದನ್ನು ನಾನು ನೋಡಬೇಕು.

ನಿನ್ನ ವೈನಿ,
ರಾಜೇಶ್ವರಿ


ಗಡಿ ಠಾಣೆ
೨ ಡಿಸೆಂಬರ್ ೨೦೨೪

ವೈನಿಯವರಿಗೆ ಶರಣಾರ್ಥಿ.

ನಿಮ್ಮ ಟಪಾಲು ಕೈಗೆ ಬಂದಾಗ ನಾನು ಹಿಮ ಕೆದರುತ್ತಿದ್ದೆ. ಓದಿ ಸಲಿಕೆ ಅಲ್ಲೇ ಬಿಸಾಡಿ ಓಡಿಹೋಗಿ ಸುಬೇದಾರ್ ಸಾಹೇಬರಿಗೆ ಹೇಳಿದೆ. ನೀವು ಕಳಿಸಿದ್ದ ಕರದಂಟು ಇನ್ನೂ ಸ್ವಲ್ಪ ಉಳಿದಿತ್ತು, ಎಲ್ಲರಿಗೂ ಹಂಚಿದೆ. ಪಂಜಾಬಿನ ಹುಡುಗನೊಬ್ಬ ತಿಂದು, ನಿಮ್ಮೂರಲ್ಲಿ ದಿನಾ ಒಂದು ಸ್ಮಾರಕ ಕಟ್ಟಲಿ ಅಂದ. ಬಿಡಲಿಲ್ಲ, ಬೆನ್ನಿಗೆ ಎರಡು ಗುದ್ದಿದೆ.

ರಜೆ ಸಿಗುವುದಿಲ್ಲ ವೈನಿ. ಇನ್ನು ಸ್ವಲ್ಪ ದಿನಕ್ಕೆ ದಾರಿಯೇ ಮುಚ್ಚುತ್ತದೆ. ಅದಕ್ಕೆ ನಾನೇ ಶೆಟ್ಟೆಪ್ಪ ಸಾವಕಾರರಿಗೆ ಒಂದು ಪತ್ರ ಹಾಕಿದ್ದೇನೆ. ನಿಮ್ಮ ಉಪಕಾರ ಮರೆಯುವುದಿಲ್ಲ, ನೀವು ಹೇಗೆ ಮಾಡಿದರೂ ನಮ್ಮ ಮನೆಯ ಒಪ್ಪಿಗೆ ಇದೆ ಅಂತ ಬರೆದಿದ್ದೇನೆ. ಅಷ್ಟು ದೊಡ್ಡ ಮನುಷ್ಯರು ನಮ್ಮ ಅಣ್ಣನಿಗಾಗಿ ಓಡಾಡುತ್ತಿದ್ದಾರಲ್ಲ, ಮನೆಯ ಗಂಡಸೊಬ್ಬ ಒಂದು ಮಾತು ಹೇಳಿದರೆ ಅವರಿಗೂ ಸಮಾಧಾನ.

ಅಪ್ಪನ ಮೊಣಕಾಲು ಹೇಗಿದೆ? ಅವ್ವನಿಗೆ ಹೇಳಿ, ನಾನು ಎರಡೆರಡು ಸ್ವೆಟರ್ ಹಾಕುತ್ತಿದ್ದೇನೆ ಅಂತ. ಒಂದೇ ಹಾಕಿದ್ದೇನೆ, ಆದರೂ ಹೇಳಿ.

ನಿಮ್ಮ ಮೈದುನ,
ಬಾಳೇಶ


ಮಮದಾಪುರ
೨೦ ಡಿಸೆಂಬರ್ ೨೦೨೪

ಬಾಳೇಶ,

ಮನೆಯ ಗಂಡಸು ಒಂದು ಮಾತು ಹೇಳಿದ್ದು ಬಹಳ ಚಲೋ ಆಯಿತು. ಆ ಮಾತಿನಿಂದ ನನ್ನ ಬಾಯಿಗೆ ಬೀಗ ಬಿತ್ತು.

ಮೊನ್ನೆ ಸಮಿತಿಯವರು ಐದೂ ಮನೆಯವರನ್ನು ಕರೆಸಿದ್ದರು. ನಾನು ಉದ್ಘಾಟನೆಯ ದಿನಕ್ಕೆಂದು ತಂದಿದ್ದ ಹೊಸ ಸೀರೆಯ ವಿಷಯವನ್ನು ಅಲ್ಲವ್ವಕ್ಕನಿಗೆ ಹೇಳುತ್ತ ಕುಳಿತಿದ್ದೆ, ಅಂಥ ಹುಚ್ಚಿ ನಾನು. ಸಾವಕಾರರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ತಂಗೀ, ತಪ್ಪ ತಿಳ್ಕೋಬ್ಯಾಡ. ಕುಂಭಾ ಹೊರಾಕ, ದೀಪಾ ಹಚ್ಚಾಕ ಮುತ್ತೈದೇರ ಬೇಕ. ಶುಭ ಕಾರ್ಯೆ ನೋಡು."

ನಾನು ಕೇಳಿದೆ, "ಸತ್ತವ್ರ ಕಲ್ಲ ನಿಂದ್ರಸೂದು ಶುಭ ಕಾರ್ಯೆ ಹೆಂಗ ಆತ್ರಿ ಕಾಕಾ? ಅದು ಶುಭ ಆದ್ರ, ಸತ್ತವರ ಹೇಣ್ತಿ ಅಶುಭ ಹೆಂಗ ಆದ್ಲು?"

ನಕ್ಕರು. ಸಣ್ಣ ಹುಡುಗಿ ಏನೋ ತೊದಲಿದ ಹಾಗೆ ನಕ್ಕುಬಿಟ್ಟರು ಬಾಳೇಶ. ಅಲ್ಲವ್ವಕ್ಕ ಎದ್ದು ನಿಂತು, "ಅವ್ರು ಸತ್ತಾರಂತ ಕಲ್ಲ ಕೆತ್ತಸ್ತೀರಿ. ಅವ್ರು ಸತ್ತಾರಂತ ನಮ್ಮನ್ನ ಹಿಂದ ಕುಂಡ್ರಸ್ತೀರಿ. ಏನ್ ನ್ಯಾಯಾರಿ ಇದು?" ಅಂದಳು. ಅದಕ್ಕೂ ಉತ್ತರ ಸಿದ್ಧವಿತ್ತು. ವೀರನಾರಿಯರಿಗೆ, ಅಂದರೆ ನಮ್ಮಂಥ ಸೈನಿಕರ ವಿಧವೆಯರಿಗೆ, ಪೆಂಡಾಲಿನ ಹಿಂದೆ ಖುರ್ಚಿ ಹಾಕಿಸುತ್ತಾರಂತೆ. ಕಾರ್ಯಕ್ರಮ ಮುಗಿದ ಮೇಲೆ ಅಲ್ಲಿಗೇ ಶಾಲು ಕಳಿಸಿಕೊಡುತ್ತಾರಂತೆ. ಐದು ಮನೆಗಳಲ್ಲಿ ಮುತ್ತೈದೆ ಅಂತ ಉಳಿದವರು ನಮ್ಮ ಅತ್ತೆ ಒಬ್ಬರೇ. ಹಾಗಾಗಿ ಪರದೆ ಸರಿಸಿ, ಹೆಸರಿಗೆ ವಿಭೂತಿ ಹಚ್ಚಿ, ದೀಪ ಬೆಳಗುವುದು ಅತ್ತೆ. ಕುಂಭ ಹೊರುವುದು ಸಾವಕಾರರ ಹೆಂಡತಿ ಮತ್ತು ಅವರ ನೆಂಟರು.

ನಾನು ಒಪ್ಪುವುದಿಲ್ಲ ಅಂದೆ. ಆಗ ಕಿಸೆಯಿಂದ ನಿನ್ನ ಪತ್ರ ತೆಗೆದರು. ಎಲ್ಲರಿಗೂ ಕೇಳುವ ಹಾಗೆ ಓದಿದರು. "ನೋಡವಾ, ನಿಮ್ಮ ಮನೀ ಒಪ್ಪಿಗಿ ಮಿಲಿಟ್ರಿ ಟಪಾಲಿನ್ಯಾಗ ಬಂದೈತಿ."

ನಾನು ಅತ್ತೆಯ ಮುಖ ನೋಡಿದೆ. ಒಂದು ಮಾತು, ಬರೀ ಒಂದು ಮಾತು ನನ್ನ ಪರವಾಗಿ ಬಂದೀತೆಂದು ಕಾದೆ. ಅವರು ಸೆರಗು ಸರಿಮಾಡಿಕೊಂಡು "ಆಗ್ಲೇಳ್ರಿ" ಅಂದರು. ಆವತ್ತಿನಿಂದ ಅವರ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ಬರುವ ದಾರಿಯಲ್ಲಿ ಕಲ್ಲನ್ನೂ ನೋಡಿ ಬಂದೆ, ಕಲ್ಲುಕುಟಿಗನ ಅಂಗಳದಲ್ಲಿ ಮಲಗಿಸಿದ್ದಾರೆ. ಮೇಲ್ಗಡೆ ಗೇಣುದ್ದದ ಅಕ್ಷರದಲ್ಲಿ ಬಂಗಾರದ ಬಣ್ಣ ಹಚ್ಚಿದ ಹೆಸರು. ಯಾರದು ಗೊತ್ತೇ? ಶೆಟ್ಟೆಪ್ಪ ಸಾವಕಾರರದು! ಅವರ ಅಮೃತ ಹಸ್ತ, ಅವರ ದೂರದೃಷ್ಟಿ, ಏನೇನೋ. ಐವರ ಹೆಸರು ಕೆಳಗೆ, ನೆಲಕ್ಕೆ ತಾಗಿದ ಹಾಗೆ, ಅಕ್ಕಿಕಾಳಿನಷ್ಟು ಸಣ್ಣದು. ನಾನು ಮೊಣಕಾಲೂರಿ ಹುಡುಕಬೇಕಾಯಿತು. ಬಸ್ಸಿನಲ್ಲಿ ಕುಳಿತವರಿಗೆ ಯಾರು ಕಾಣುತ್ತಾರೋ ನೀನೇ ಯೋಚಿಸು.

ನಮ್ಮ ಪಡಸಾಲೆಯಲ್ಲಿ ಬಸವಣ್ಣನ ಫೋಟೋ ಇದೆ, ಸಾವಕಾರರ ಅಂಗಡಿಯಲ್ಲೂ ಇದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಸೂತಕ ಯಾವುದು, ಅಪಶಕುನ ಯಾವುದು? ಅವರ ಮುಂದೆ ಕೂಗಿ ಕೇಳಬೇಕಿತ್ತು, ಆಗ ಹೊಳೆಯಲಿಲ್ಲ. ಈಗ ನಿನ್ನ ಮೇಲೆ ಕೂಗುತ್ತಿದ್ದೇನೆ.

ಆ ಒಪ್ಪಿಗೆಯನ್ನು ವಾಪಸು ತೆಗೆದುಕೊಂಡೆ ಅಂತ ಇನ್ನೊಂದು ಪತ್ರ ಬರೆ. ಇಪ್ಪತ್ತಾರರ ಒಳಗೆ ಮುಟ್ಟಬೇಕು. ನನ್ನ ಗಂಡನ ದೀಪ ನಾನು ಹಚ್ಚಬೇಕು. ಬೇರೆ ಏನನ್ನೂ ನಾನು ನಿನ್ನ ಹತ್ತಿರ ಕೇಳಿಲ್ಲ.

ರಾಜೇಶ್ವರಿ


ಗಡಿ ಠಾಣೆ
೬ ಜನವರಿ ೨೦೨೫

ವೈನಿಯವರಿಗೆ ಶರಣಾರ್ಥಿ.

ನಿಮ್ಮ ಸಿಟ್ಟು ಹಿಮದಲ್ಲೂ ಆರದೆ ಬಂದು ಮುಟ್ಟಿತು. ಸ್ವಲ್ಪ ಸಮಾಧಾನ ತಂದುಕೊಳ್ಳಿ.

ದೀಪ ಅವ್ವ ಹಚ್ಚಿದರೇನು, ನೀವು ಹಚ್ಚಿದರೇನು, ಎರಡೂ ನಮ್ಮ ಮನೆಯ ಕೈಯೇ ಅಲ್ಲವೇ? ಹೆತ್ತವಳಿಗೆ ಒಂದು ದಿನದ ಮರ್ಯಾದೆ ಸಿಕ್ಕರೆ ನಿಮಗೆ ಬೇಸರವಾಗಬಾರದು. ಅವ್ವ ನಿಮ್ಮನ್ನು ಮಗಳ ಹಾಗೆ ಕಂಡವಳು. ಇನ್ನು ಅಕ್ಷರ ದೊಡ್ಡದು ಸಣ್ಣದು ಅಂತ ಜಗಳ ಯಾಕೆ? ಇಲ್ಲಿ ನಮ್ಮ ಮುಂದಿನ ಗುಡ್ಡದಲ್ಲಿ ಸತ್ತವರಿಗೆ ಹೆಸರಿನ ಕಲ್ಲೇ ಇಲ್ಲ. ನಮ್ಮ ಅಣ್ಣನಿಗೆ ಅಷ್ಟಾದರೂ ಆಯಿತಲ್ಲ. ಜನ ನಾಳೆ, ಮಲ್ಲೇಶನ ಹೆಂಡತಿ ಕಾರ್ಯಕ್ರಮ ಕೆಡಿಸಿದಳು ಅಂತ ಅನ್ನಬಾರದು.

ಸಾವಕಾರರಿಗೆ ಮತ್ತೆ ಪತ್ರ ಬರೆಯುವುದು ಚಂದ ಕಾಣುವುದಿಲ್ಲ. ಕೊಟ್ಟ ಮಾತನ್ನು ಸೈನಿಕ ತಿರುಗಿಸಬಾರದು.

ಬಾಳೇಶ


ಮಮದಾಪುರ
೨೫ ಜನವರಿ ೨೦೨೫

ಮಾನ್ಯ ಬಾಳೇಶ ಅವರಿಗೆ,

ತಮ್ಮ ಪತ್ರ ನಿನ್ನೆ ತಲುಪಿತು.

ಕಾರ್ಯಕ್ರಮ ಕೆಡುವುದಿಲ್ಲ. ತಮ್ಮ ಮಾತಿಗೂ ಕುಂದು ಬರುವುದಿಲ್ಲ. ನಾಳೆ ತಮ್ಮ ತಾಯಿಯವರನ್ನು ಕರೆದೊಯ್ಯಲು ಸಾವಕಾರರು ಕಾರು ಕಳಿಸುತ್ತಾರೆ. ನಾನು ಬಸ್ಸಿಗೆ ಹೋಗುತ್ತೇನೆ. ಪೆಂಡಾಲಿನ ಹಿಂದಿನ ಖುರ್ಚಿಯಲ್ಲಿ ಕೂರುವುದಿಲ್ಲ, ರಸ್ತೆಯ ಆಚೆ ಮಿಠಾಯಿ ಅಂಗಡಿಯ ಮುಂದೆ ನಿಲ್ಲುತ್ತೇನೆ. ರಸ್ತೆ ಯಾರಪ್ಪನದೂ ಅಲ್ಲ.

ನನಗೆ ಅತ್ತೆಯ ಮೇಲೆ ಹೊಟ್ಟೆಕಿಚ್ಚು ಅಂತ ತಾವು ತಿಳಿದುಕೊಂಡಿರಲ್ಲ, ಅದನ್ನು ಮಾತ್ರ ನಾನು ಮರೆಯುವುದಿಲ್ಲ.

ರಾಜೇಶ್ವರಿ ಮಲ್ಲೇಶ


ಮಮದಾಪುರ
೨೭ ಜನವರಿ ೨೦೨೫

ಬಾಳೇಶ,

ನಿನ್ನ ಮೇಲಿನ ಸಿಟ್ಟು ಹಾಗೇ ಇದೆ, ಆದರೆ ನಿನ್ನೆ ನಡೆದದ್ದನ್ನು ಹೇಳದೆ ಇದ್ದರೆ ನನ್ನ ಎದೆ ಒಡೆಯುತ್ತದೆ. ಕೂತು ಓದು.

ಬೆಳಿಗ್ಗೆ ಬ್ಯಾಂಡಿನವರು ಬಂದರು. ಕುಂಭ ಹೊತ್ತ ಹೆಂಗಸರು ರೇಷ್ಮೆ ಸೀರೆಯಲ್ಲಿ ಸಾಲಾಗಿ ಬಂದರು. ಸಾವಕಾರರ ಹೆಂಡತಿ ಇಂದ್ರವ್ವ ಎಲ್ಲರ ಮುಂದೆ. ಪೇಪರಿನವನು ಅವರ ಫೋಟೋ ತೆಗೆಯುತ್ತಾ "ವೀರನಾರಿಯರು ಸ್ವಲ್ಪ ಈ ಕಡೆ ನೋಡ್ರಿ" ಅಂದ. ಅವರು ನೋಡಿದರು, ನಕ್ಕರು ಕೂಡ! ನಾನು ಮತ್ತು ಅಲ್ಲವ್ವಕ್ಕ ಮಿಠಾಯಿ ಅಂಗಡಿಯ ಮುಂದೆ ನಿಂತು ನಮ್ಮ ಕೈಗಳನ್ನು ನಾವೇ ಗಟ್ಟಿಯಾಗಿ ಹಿಡಿದುಕೊಂಡೆವು. ಇಲ್ಲದಿದ್ದರೆ ಕಲ್ಲು ಎತ್ತುತ್ತಿದ್ದೆವು.

ಬಸವಣ್ಣನ ಮೇಲೆ ಸಾವಕಾರರ ಭಾಷಣ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಸಾವಕಾರರು ಅತ್ತೆಯನ್ನು ಕಲ್ಲಿನ ಮುಂದೆ ಕರೆದೊಯ್ದರು, ಅವರ ಬಾಯಿ ಹತ್ತಿರ ಮೈಕು ಇಟ್ಟರು. ಅತ್ತೆ ಪರದೆ ಎಳೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ವಿಭೂತಿ ಗಟ್ಟಿಯನ್ನು ನೀರಿಗೆ ಅದ್ದಿ ಹಿಡಿದು, ಬಗ್ಗಿ ಕೆಳಗಿನ ಸಾಲುಗಳ ಮೇಲೆ ಬೆರಳಾಡಿಸಿದರು, ಒಂದು ಕಡೆ ಕೈ ಸ್ವಲ್ಪ ಹೊತ್ತು ನಿಂತಿತು. ಸೊಂಟನೋವಿಗೆ ಕಲ್ಲು ಹಿಡಿದುಕೊಂಡರೇನೋ ಅಂದುಕೊಂಡೆ. ಆಮೇಲೆ ನೆಟ್ಟಗೆ ನಿಂತು, ಗಟ್ಟಿಯನ್ನು ಮತ್ತೆ ನೀರಿಗೆ ಅದ್ದಿ, ಶೆಟ್ಟೆಪ್ಪ ಸಾವಕಾರರ ಬಂಗಾರದ ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ಎಳೆದರು.

ಯಾರಿಗೂ ಇನ್ನೂ ತಿಳಿದಿರಲಿಲ್ಲ. ಅತ್ತೆ ಸತ್ತವರಿಗೆ ಹಾಕಲು ತಂದಿಟ್ಟಿದ್ದ ಹಾರ ತೆಗೆದು ಅದೇ ಹೆಸರಿಗೆ ಹಾಕಿದರು. ಆಮೇಲೆ ಕಲ್ಲಿನ ಬುಡದಲ್ಲಿ ಕುಳಿತು, ತಲೆಯ ಮೇಲೆ ಸೆರಗು ಎಳೆದುಕೊಂಡು, ನಮ್ಮ ಕಡೆ ಹೆಣದ ಮುಂದೆ ಅಳುತ್ತಾರಲ್ಲ, ಹಾಗೆ ರಾಗ ಎತ್ತಿ ಹಾಡಿಕೊಂಡು ಅಳಲು ಶುರುಮಾಡಿದರು.

"ನನ್ನ ಬಂಗಾರಾ, ಎಲ್ಲಿ ಹ್ವಾದ್ಯೋ! ಉಣ್ಣೂ ವ್ಯಾಳ್ಯಾಕ್ಕ ಎದ್ದ ಹ್ವಾದ್ಯಲ್ಲೋ ನನ್ನಪ್ಪಾ! ನಿನ್ನ ಹೆಸರ ಕಲ್ಲಾತಲ್ಲೋ, ನನ್ನ ದೊರೀ!"

ಮೈಕು ಚಾಲೂ ಇತ್ತು ಬಾಳೇಶ. ನಾಲ್ಕೂ ಧ್ವನಿವರ್ಧಕದಲ್ಲಿ ಅತ್ತೆಯ ಅಳು. ಹೊರಟಿದ್ದ ಬಸ್ಸು ನಿಂತಿತು. ಜನ ಕಲ್ಲಿನ ಮೇಲಿನ ಹೆಸರು ಓದಿ, ವೇದಿಕೆಯ ಮೇಲೆ ನಿಂತ ಮನುಷ್ಯನನ್ನು ನೋಡಿ, ಬಾಯಿಗೆ ಟವೆಲ್ಲು ಒತ್ತಿಕೊಂಡರು.

ಸಾವಕಾರರು ಓಡಿಬಂದರು. "ಯವ್ವಾ! ಏ ಶಿವವ್ವಾ! ಅದು ನಂದಬೇ! ನಾ ಜೀವಂತ ಇದ್ದೇನಿ! ತಗೀ, ಹಾರಾ ತಗೀ!"

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಮೈಕಿನಲ್ಲೇ ಅಂದರು. "ನಿಂದೇನಪಾ? ದೊಡ್ಡ ಅಕ್ಷರದಾಗ ಬರಸ್ತೇವು ಅಂತ ನೀನ ಹೇಳಿದ್ದೆಲ್ಲ. ಸತ್ತವ್ರ ಕಲ್ಲಿನ್ಯಾಗ ಸತ್ತವ್ರ ಹೆಸರ ದೊಡ್ಡದ ಇರತೈತಿ ಅಂತ ತಿಳಿದ್ನಿ. ಅಕ್ಷರ ಬರಲಾರದಾಕಿ, ನನಗೇನ ಗೊತ್ತಪಾ?"

ಇಂದ್ರವ್ವ ಕುಂಭ ಕೆಳಗೆ ಹಾಕಿ ತಾಳಿ ಹಿಡಿದುಕೊಂಡು ಹೋ ಅಂತ ಅತ್ತಳು. ಸಾವಕಾರರು ತಾವೇ ಹಾರ ಕೀಳಲು ಕೈ ಚಾಚಿದರು, ಮುಟ್ಟಲು ಧೈರ್ಯ ಬರಲಿಲ್ಲ. ಬೆವರಿ ನೀರಾಗಿದ್ದರು. "ಜಳಕಾ ಮಾಡ್ಬೇಕು, ನಡೀರಿ ನಡೀರಿ" ಅಂತ ಹೆಂಡತಿಯನ್ನು ಕಾರಿಗೆ ಹತ್ತಿಸಿದರು. ನೆಂಟರೆಲ್ಲ ಹಿಂದೆ ಓಡಿದರು. ಬಸವಣ್ಣನ ಬಗ್ಗೆ ಅಷ್ಟು ಹೊತ್ತು ಭಾಷಣ ಮಾಡಿದವರು ಸೂತಕ ತೊಳೆಯಲು ಹೋದರು! ವೇದಿಕೆ ಖಾಲಿ. ದೀಪ ಹಚ್ಚದೆ ಹಾಗೇ ನಿಂತಿತ್ತು.

ಅತ್ತೆ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ರಸ್ತೆಯ ಆಚೆ ನೋಡಿದರು. ಮೈಕಿನಲ್ಲಿ ನನ್ನ ಹೆಸರು ಬಂತು.

"ರಾಜೀ, ಬಾ ಯವ್ವಾ. ಶುಭಾ ನೋಡಾವ್ರೆಲ್ಲಾ ಜಳಕಾ ಮಾಡಾಕ ಹೋದ್ರು. ಬಂದ ದೀಪಾ ಹಚ್ಚು. ಅಲ್ಲವ್ವನ್ನೂ ಕರ್ಕೊಂಡ ಬಾ."

ನಾನು ರಸ್ತೆ ಹೇಗೆ ದಾಟಿದೆನೋ ಗೊತ್ತಿಲ್ಲ. ನಾನು ದೀಪ ಹಚ್ಚುವಾಗ ಅತ್ತೆ ಗಾಳಿಗೆ ಸೆರಗು ಅಡ್ಡ ಹಿಡಿದರು. ಒಂದು ತಿಂಗಳಿಂದ ಅವರ ಜೊತೆ ಮುಖ ಕೊಟ್ಟು ಮಾತಾಡದವಳು, ಅವರ ಹೆಗಲಿಗೆ ಬಿದ್ದು ಅತ್ತುಬಿಟ್ಟೆ. ಅವರು ಒಂದೇ ಮಾತು ಅಂದರು, "ಆಗ್ಲೇಳ ಅಂದಾಕಿ ನಾ. ಹೆಂಗ ಆಗ್ಲಿ ಅಂತ ಯಾರರ ಕೇಳಿದ್ರೇನ?" ನನಗೆ ಆ ಮಾತು ಸರಿಯಾಗಿ ತಿಳಿಯಲಿಲ್ಲ. ಪಾಪ, ಮುದುಕಿ ಗಾಬರಿಯಾಗಿ ಏನೋ ಅಂದರು ಅಂದುಕೊಂಡೆ.

ಈಗ ಸಾವಕಾರರು ತಮ್ಮ ಹೆಸರಿನ ಮೇಲೆ ಗೋಣಿಚೀಲ ಕಟ್ಟಿಸಿದ್ದಾರೆ. ಕೆತ್ತಿದ್ದನ್ನು ಅಳಿಸಲು ಮನಸ್ಸಿಲ್ಲ, ನೋಡಲು ಧೈರ್ಯವಿಲ್ಲ.

ರಾಜೇಶ್ವರಿ


ಗಡಿ ಠಾಣೆ
೧೮ ಫೆಬ್ರವರಿ ೨೦೨೫

ವೈನಿ,

ದಾರಿ ತೆರೆದು ಎರಡೂ ಪತ್ರ ಒಟ್ಟಿಗೇ ಬಂದವು. "ಮಾನ್ಯ ಬಾಳೇಶ" ಅಂತ ಬರೆದಿರಿ, ನನಗೆ ಅದು ತಕ್ಕದ್ದೇ. ನೀವು ಕೇಳಿದ್ದು ಒಂದೇ ಪತ್ರ, ಅದನ್ನೂ ನಾನು ಬರೆಯಲಿಲ್ಲ. ಸಾವಕಾರರ ಮುಂದೆ ದೊಡ್ಡವನಾಗಲು ಹೋಗಿ ನಿಮ್ಮ ಮುಂದೆ ಸಣ್ಣವನಾದೆ. ರಜೆಗೆ ಬಂದಾಗ ಬಯ್ಯಿರಿ, ತಲೆ ತಗ್ಗಿಸಿ ಕೇಳುತ್ತೇನೆ.

ಆದರೆ ಒಂದು ವಿಷಯ. ಮುದುಕಿ ಗಾಬರಿಯಾದಳು ಅಂತ ಬರೆದಿದ್ದೀರಿ. ವೈನಿ, ಅವ್ವ ಗಾಬರಿಯಾಗುವ ಹೆಣ್ಣೇ?

ಅವ್ವನಿಗೆ ಅಕ್ಷರ ಬರುವುದಿಲ್ಲ, ಖರೆ. ಆದರೆ ಒಂದು ಹೆಸರು ಬರುತ್ತದೆ. ಅಣ್ಣ ಸೈನ್ಯಕ್ಕೆ ಭರ್ತಿಯಾಗಿ ಹೊರಡುವ ಮೊದಲು, ರೊಟ್ಟಿ ಬಡಿಯುವ ಹಲಗೆಯ ಮೇಲೆ ಜೋಳದ ಹಿಟ್ಟು ಹರಡಿ, ಅವಳ ಬೆರಳು ಹಿಡಿದು ತನ್ನ ಹೆಸರು ತಿದ್ದಿಸಿದ್ದ. ನನ್ನ ಟಪಾಲು ಬಂದರೆ ಯಾರನ್ನೂ ಕೇಳದೆ ನಿನಗೇ ಗೊತ್ತಾಗಬೇಕು ಅಂದಿದ್ದ. ನನ್ನ ಹೆಸರನ್ನೂ ಕಲಿ ಅಂತ ನಾನು ಅವ್ವನ ಹತ್ತಿರ ಹಟ ಮಾಡಿದ್ದಕ್ಕೆ, ನಿನ್ನ ಹೆಸರು ಯಾರಿಗೆ ಬೇಕು ಹೋಗೋ ಅಂದಿದ್ದಳು. ಅಣ್ಣ ಹೋದ ಮೇಲೆ ದಿನಾ ಬೆಳಿಗ್ಗೆ ಮೊದಲನೇ ರೊಟ್ಟಿಗೆ ಮುಂಚೆ ಹಿಟ್ಟಿನಲ್ಲಿ ಆ ಹೆಸರು ಬರೆದು, ಅದರ ಮೇಲೇ ರೊಟ್ಟಿ ಬಡಿಯುತ್ತಿದ್ದಳು. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

ಕೆಳಗಿನ ಸಾಲಿನಲ್ಲಿ ಅವಳ ಕೈ ಎಲ್ಲಿ ನಿಂತಿತ್ತು, ಹೋಗಿ ನೋಡಿ.

ನಿಮ್ಮ ಮೈದುನ,
ಬಾಳೇಶ


ಮಮದಾಪುರ
೯ ಮಾರ್ಚ್ ೨೦೨೫

ಬಾಳೇಶ,

ಹೋಗಿ ನೋಡಿದೆ. "ಮಲ್ಲೇಶ" ಅನ್ನುವ ಅಕ್ಷರಗಳ ಸಂದಿಯಲ್ಲಿ ಒಣಗಿದ ವಿಭೂತಿ ಇತ್ತು, ಬೆರಳ ತುದಿಯಷ್ಟು. ಬಸ್ಸು ಬರುವವರೆಗೂ ಅಲ್ಲೇ ಕುಳಿತಿದ್ದೆ.

ಈಗ ಶೆಟ್ಟೆಪ್ಪ ಸಾವಕಾರರ ಹೆಸರು ಕಲ್ಲಿನ ಮೇಲೆ ಇಲ್ಲ. ಮೊನ್ನೆ ಕಲ್ಲುಕುಟಿಗ ಬಂದು ಪೂರಾ ಕೆತ್ತಿ ತೆಗೆದ. ಆ ಜಾಗದಲ್ಲಿ ಗೇಣುದ್ದದ ಅಕ್ಷರದಲ್ಲಿ ಐವರ ಹೆಸರು ಬರುತ್ತದೆ. ಇನ್ನು ಮೇಲೆ ಬಸ್ಸಿನಿಂದ ಇಳಿಯುವ ಮೊದಲೇ ನಿನಗೆ ಅಣ್ಣ ಕಾಣುತ್ತಾರೆ. ಇದು ಹೇಗಾಯಿತು ಅಂತ ಹೇಳುತ್ತೇನೆ, ನಿನ್ನಲ್ಲೇ ಇರಲಿ.

ಹೋದ ವಾರ ಸಾವಕಾರರು ಮನೆಗೆ ಬಂದರು. ಕಾರು ದೂರ ನಿಲ್ಲಿಸಿ ನಡೆದುಕೊಂಡು ಬಂದಿದ್ದರು. ಮುಖ ಇಳಿದುಹೋಗಿತ್ತು. ಚಹಾ ಬೇಡ ಅಂದರು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಇವರು ದನಿ ತಗ್ಗಿಸಿ ಕೇಳಿದರು.

"ತಂಗೀ, ನಿನ್ನ ಕಾಲ ಬೀಳತೇನಿ, ಖರೆ ಹೇಳು. ಅಕಿ ತಿಳದ ಮಾಡಿದ್ಲೋ, ತಿಳೀದ ಮಾಡಿದ್ಲೋ? ತಿಳದ ಮಾಡಿದ್ರ ಮನಷ್ಯಾರ ಸಿಟ್ಟು, ನುಂಗಿ ಸುಮ್ನಾಗತೇನಿ. ತಿಳೀದ ಆಗಿದ್ರ ಅದ ದೇವರ ಆಡಿಸಿದ್ದ ಮಾತು. ನನಗ ಊಟ ಸೇರವಲ್ದು, ಕಣ್ಣ ಮುಚ್ಚಿದ್ರ ಆ ಅಳು ಕೇಳತೈತಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು.

ನನಗೆ ಕ್ಷಣ ಹೊತ್ತು ಅವರ ಮೇಲೆ ಕನಿಕರ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವತ್ತು ನನ್ನ ಪ್ರಶ್ನೆಗೆ ಅವರು ನಕ್ಕಿದ್ದು ನೆನಪಾಯಿತು. ಪೆಂಡಾಲಿನ ಹಿಂದಿನ ಖುರ್ಚಿ ನೆನಪಾಯಿತು. ನೆಲಕ್ಕೆ ತಾಗಿದ ಆ ಅಕ್ಕಿಕಾಳಿನ ಹೆಸರು ನೆನಪಾಯಿತು.

"ಏನ್ ಹೇಳ್ಲಿ ಕಾಕಾ," ಅಂದೆ, "ನಮ್ಮತ್ತಿಗೆ ಒಂದಕ್ಷರಾನೂ ಬರಂಗಿಲ್ರಿ. ಹೆಬ್ಬಟ್ಟಿನ ಮಂದಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ಈ ಸಲ ಸ್ವಲ್ಪ ಜೋರಾಗಿಯೇ ಇತ್ತು.

ನಿನ್ನ ವೈನಿ,
ರಾಜೇಶ್ವರಿ